ನಲವತ್ತೊಂಬತ್ತಕ್ಕೆ ಕತ್ತಿವರಸೆ

ನನ್ನ ಬಾಯಿ ಸುಮ್ಮನಿದ್ದಿದ್ದರೆ ಈ ಜನ್ಮದಲ್ಲಿ ನಾನು ಕತ್ತಿ ಹಿಡಿಯುತ್ತಿರಲಿಲ್ಲ.

ಚೆನ್ನೈನ ಕೀಲ್ಪಾಕ್‌ನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಶಾಲೆಯಿದೆ. ಅದರ ಸಭಾಂಗಣದಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ಫೆನ್ಸಿಂಗ್ ಕ್ಲಾಸ್ ನಡೆಯುತ್ತದೆ. ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಲ್ಲಿಗೆ ಸೇರಿದಳು. ಸುದ್ದಿ ಕೇಳಿದ ನಮ್ಮಮ್ಮ, "ಬೇಲಿ ಹಾಕೋದಕ್ಕೂ ಕ್ಲಾಸಾ? ನಮ್ಮ ಫ್ಲ್ಯಾಟಿಗೆ ಬೇಲಿ ಎಲ್ಲಿ ಹಾಕ್ತಾಳೆ, ಬಾಲ್ಕನಿಗಾ?" ಅಂದರು. ಬೇಲಿ ಅಲ್ಲಮ್ಮ, ಕತ್ತಿವರಸೆ ಅಂದೆ. "ಅಯ್ಯೋ, ಬೇಲೀನೇ ವಾಸಿಯಾಗಿತ್ತು" ಅಂದರು.

ನಾನು ಇಪ್ಪತ್ತೈದು ವರ್ಷದಿಂದ ವಿಮಾ ಆಫೀಸಿನಲ್ಲಿ ಕ್ಲೇಮು ನೋಡುವವನು. ಯಾರೋ ಎಲ್ಲೋ ಬಿದ್ದ ಮೇಲೆ, ಫ್ಯಾನಿನ ಕೆಳಗೆ ಕೂತು, ಅವರು ಹೇಗೆ ಬೀಳದೇ ಇರಬಹುದಿತ್ತು ಎಂದು ಬರೆಯುವುದು ನನ್ನ ಕೆಲಸ. ಈ ಅಭ್ಯಾಸವನ್ನು ನಾನು ಆಫೀಸಿನಲ್ಲೇ ಬಿಟ್ಟು ಬರಬೇಕಿತ್ತು, ಬಿಡಲಿಲ್ಲ. ಮಗಳನ್ನು ಕ್ಲಾಸಿಗೆ ಬಿಡಲು ಹೋದವನು ಗೋಡೆ ಪಕ್ಕದ ಬೆಂಚಿನಲ್ಲಿ ಕೂತೆ. ಮೊದಲ ವಾರ ಸುಮ್ಮನೆ ನೋಡಿದೆ. ಎರಡನೇ ವಾರ ತಲೆ ಅಲ್ಲಾಡಿಸಿದೆ. ಮೂರನೇ ವಾರದಿಂದ ಬಾಯಿ ತೆರೆದೆ.

"ಮುಂದೆ ಹೋಗು! ಯಾಕೆ ಹಿಂದೆ ಹಿಂದೆ ಬರ್ತೀಯಾ? ಕೈ ಉದ್ದ ಇದೆ, ಚುಚ್ಚು!"

ಕನ್ನಡದಲ್ಲಿ ಕೂಗಿದರೆ ಗುಟ್ಟು ಗುಟ್ಟಾಗಿಯೇ ಇರುತ್ತದೆ ಎಂದು ನನ್ನ ಲೆಕ್ಕ. ಆ ಸಭಾಂಗಣದಲ್ಲಿ ಕನ್ನಡ ಬರುವವರು ನಾವಿಬ್ಬರೇ. ಅದರಲ್ಲೂ ಮಗಳಿಗೆ ಅರ್ಥವಾಗುತ್ತದೆಯೇ ಹೊರತು ಉತ್ತರ ಬರುವುದು ತಮಿಳಿನಲ್ಲಿ. ಆದರೆ ಒಂದು ತಿಂಗಳಾಗುವಷ್ಟರಲ್ಲಿ ಹತ್ತು ವರ್ಷದ ಮಕ್ಕಳೆಲ್ಲ ಒಬ್ಬರಿಗೊಬ್ಬರು "ಮುಂದೆ ಹೋಗು, ಮುಂದೆ ಹೋಗು" ಎಂದು ಕೂಗಿಕೊಂಡು ನಗತೊಡಗಿದ್ದವು. ಚೆನ್ನೈನಲ್ಲಿ ಕನ್ನಡ ಹರಡುತ್ತಿದೆಯಲ್ಲ ಎಂದು ನಾನು ಹಿಗ್ಗಿದೆ. ಅವು ನನ್ನನ್ನೇ ಅಣಕಿಸುತ್ತಿವೆ ಎಂದು ಹೊಳೆಯಲಿಲ್ಲ.

ಕಲಿಸುವವಳು ಇಪ್ಪತ್ತಾರು ವರ್ಷದ ಹುಡುಗಿ, ವಡಪಳನಿಯವಳು. ಮಕ್ಕಳು ಅವಳನ್ನು ಅಕ್ಕಾ ಅನ್ನುತ್ತಿದ್ದವು. ನನ್ನ ವಯಸ್ಸಿಗೆ ಅಕ್ಕಾ ಅನ್ನಲಾಗದೆ ನಾನು ಮೇಡಂ ಅನ್ನುತ್ತಿದ್ದೆ. ಒಂದು ಭಾನುವಾರ ನಾನು ಎಂದಿನಂತೆ ಕೂಗುತ್ತಿದ್ದಾಗ ಅವಳು ಆಟ ನಿಲ್ಲಿಸಿ ನೇರ ಬೆಂಚಿಗೆ ಬಂದಳು. ಕೈಯಲ್ಲಿ ಒಂದು ಜಾಕೆಟ್ಟು, ಒಂದು ಮುಖವಾಡ, ಒಂದು ಕತ್ತಿ ಇತ್ತು.

"ಸಾರ್, ಒಂದೇ ನಿಮಿಷ. ಇದನ್ನ ಹಾಕ್ಕೊಂಡು ಬನ್ನಿ." ಅವಳು ಮಾತಾಡಿದ್ದು ತಮಿಳಿನಲ್ಲಿ. ನನ್ನ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾನಾ?"

"ನೀವೇ. ನಾನು ಹೊಡೆಯಲ್ಲ. ಸುಮ್ಮನೆ ನಿಮ್ಮ ಕಡೆ ನಡ್ಕೊಂಡು ಬರ್ತೀನಿ. ನೀವು ಹಿಂದೆ ಹೋಗದೆ ನಿಂತರೆ ಸಾಕು."

ಇಷ್ಟೇ ತಾನೇ ಎಂದು ಎದ್ದೆ. ಮುಖವಾಡ ತಲೆಗೆ ಏರಿದ ಕೂಡಲೇ ಲೋಕ ಬೇರೆಯಾಯಿತು. ಕಣ್ಣ ಮುಂದೆ ಸೊಳ್ಳೆ ಜಾಲರಿಯಂಥ ಕಪ್ಪು ಬಲೆ, ಒಳಗೆ ಯಾರದೋ ಬೆವರಿನ ವಾಸನೆ, ಕಿವಿಯಲ್ಲಿ ನನ್ನದೇ ಉಸಿರು. ಆಚೆ ತುದಿಯಲ್ಲಿ ಅವಳು ಕತ್ತಿಯ ತುದಿಯನ್ನು ನನ್ನ ಎದೆಗೆ ನೆಟ್ಟು ಒಂದು ಹೆಜ್ಜೆ ಇಟ್ಟಳು. ನಾನು ನಿಂತೇ ಇದ್ದೇನೆ ಅಂದುಕೊಂಡಿದ್ದೆ. ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಆಮೇಲೆ ನನ್ನ ಬೆನ್ನಿಗೆ ಏನೋ ತಗುಲಿತು. ತಿರುಗಿ ನೋಡಿದರೆ ಸಭಾಂಗಣದ ಗೋಡೆ. ಹದಿನೈದು ಅಡಿ ಹಿಂದಕ್ಕೆ ಬಂದಿದ್ದೆ. ನನ್ನ ಕಾಲುಗಳು ನನಗೆ ಒಂದು ಮಾತೂ ಹೇಳಿರಲಿಲ್ಲ.

ಮಕ್ಕಳೆಲ್ಲ ಒಟ್ಟಿಗೆ "ಮುಂದೆ ಹೋಗು ಅಂಕಲ್!" ಎಂದು ಕಿರುಚಿದವು. ನನ್ನ ಮಗಳು ಮಾತ್ರ ನಗಲಿಲ್ಲ, ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಲೇಸು ಸರಿಯಾಗಿಯೇ ಇತ್ತು.

"ದೊಡ್ಡವರ ಬ್ಯಾಚ್ ಏಳೂವರೆಗೆ ಸಾರ್. ಮುಂದಿನ ಶನಿವಾರದಿಂದ ಬನ್ನಿ" ಅಂದಳು ಮೇಡಂ. ಬರಲ್ಲ ಅನ್ನಬಹುದಿತ್ತು. ಅಷ್ಟು ಜನರ ಎದುರು ಬರಲ್ಲ ಅನ್ನುವುದಕ್ಕೂ ಧೈರ್ಯ ಬೇಕಲ್ಲ, ಅದು ಆಗಷ್ಟೇ ಗೋಡೆಗೆ ಒರಗಿ ಮುಗಿದುಹೋಗಿತ್ತು.

ದೊಡ್ಡವರ ಬ್ಯಾಚ್ ಅಂದರೆ ನಾನೊಬ್ಬನೇ ಎಂದು ಶನಿವಾರ ಗೊತ್ತಾಯಿತು. ಒಬ್ಬನಿಗಾಗಿ ಬೇರೆ ಪಾಠ ಯಾಕೆ ಎಂದು ನನ್ನನ್ನು ಹನ್ನೆರಡು ವರ್ಷದೊಳಗಿನ ಹೊಸಬರ ಜೊತೆ ಸಾಲಿನ ಕೊನೆಯಲ್ಲಿ ನಿಲ್ಲಿಸಿದಳು.

ಮೊದಲ ಐದು ವಾರ ಕತ್ತಿಯೇ ಇಲ್ಲ. ಬರೀ ಕಾಲು. ಒಂದು ಪಾದ ಮುಂದಕ್ಕೆ, ಒಂದು ಪಾದ ಅಡ್ಡಕ್ಕೆ, ಮಂಡಿ ಮಡಚಿ, ಕಾಣದ ಕುರ್ಚಿಯ ಮೇಲೆ ಕೂತಂತೆ ನಿಲ್ಲಬೇಕು. ಹಾಗೇ ಮುಂದೆ, ಹಾಗೇ ಹಿಂದೆ. ಮಕ್ಕಳು ಏಡಿಗಳ ಹಾಗೆ ಸರಸರ ಓಡಾಡುತ್ತಿದ್ದವು. ನಾನು ಬೀರು ಸರಿಸಿದ ಹಾಗೆ ಸರಿಯುತ್ತಿದ್ದೆ. ಸೋಮವಾರ ಆಫೀಸಿನಲ್ಲಿ ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕು. ಇಳಿಯುವಾಗ ತೊಡೆ ನೋವು ತಡೆಯಲಾರದೆ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಕೇಳಿದವರಿಗೆ ಸ್ಕೂಟರಿನಿಂದ ಬಿದ್ದೆ ಎಂದೆ. ಬಿದ್ದವರ ಮಾತು ನಂಬದೆ ಸಂಬಳ ತಗೊಂಡವನು ನಾನು. ನನ್ನ ಸುಳ್ಳನ್ನು ಮಾತ್ರ ಎಲ್ಲರೂ ನಂಬಿದರು.

ಬಟ್ಟೆಯದು ಇನ್ನೊಂದು ಕಥೆ. ಈ ಆಟಕ್ಕೆ ಮಂಡಿಯ ಕೆಳಗೆ ಮುಗಿಯುವ ಬಿಳಿ ಚಡ್ಡಿ ಹಾಕಬೇಕು, ಅಲ್ಲಿಂದ ಕೆಳಕ್ಕೆ ಉದ್ದನೆಯ ಬಿಳಿ ಕಾಲುಚೀಲ. ಚಡ್ಡಿ ಕ್ಲಾಸಿನಲ್ಲೇ ಕೊಟ್ಟರು. ಕಾಲುಚೀಲಕ್ಕೆ ಹೆಂಡತಿಯ ಜೊತೆ ಪುರಸೈವಾಕ್ಕಂ ಪೇಟೆಗೆ ಹೋದೆ. ಉದ್ದನೆಯ ಬಿಳಿ ಕಾಲುಚೀಲ ಎಂದು ನಾನು ಕೇಳಿದ ಕೂಡಲೇ ಅಂಗಡಿಯವನು, "ಸ್ಕೂಲ್ ಯೂನಿಫಾರ್ಮಾ ಸಾರ್? ಯಾವ ಕ್ಲಾಸು?" ಅಂದ.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಪಕ್ಕದ ದಿಂಬಿನ ಕವರುಗಳಲ್ಲಿ ಬಹಳ ಆಸಕ್ತಿ ತೋರಿಸುತ್ತಿದ್ದಳು.

"ಎಂಟು" ಅಂದೆ.

"ಕಾಲು ಹೇಗೆ?"

"ಸ್ವಲ್ಪ ದಪ್ಪ."

ಅವನು ಕತ್ತೆತ್ತಿ ಅಟ್ಟದ ಮೇಲಿದ್ದವನಿಗೆ, "ಎಂಟನೇ ಕ್ಲಾಸ್, ಗುಂಡು ಕಾಲು, ಬಿಳಿ, ರೆಂಡು ಜೊತೆ!" ಎಂದು ಇಡೀ ಅಂಗಡಿಗೆ ಕೇಳುವಂತೆ ಕೂಗಿದ. ಹೆಂಡತಿ ದಿಂಬಿನ ಕವರೊಂದನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಲು ನೋಡಿದಳು. ಬಾಗಿಲಲ್ಲಿದ್ದವನು ಬಿಲ್ ಆಗಿಲ್ಲ ಎಂದು ತಡೆದ.

ಮನೆಯಲ್ಲಿ ಆ ವೇಷ ಹಾಕಿ ಕನ್ನಡಿ ಮುಂದೆ ನಿಂತಾಗ ಅಮ್ಮ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ಬಹಳ ಹೊತ್ತು ನೋಡಿ, "ನಿನ್ನ ಉಪನಯನದಲ್ಲಿ ಕೂಡ ಇಷ್ಟು ಚೆನ್ನಾಗಿ ಕಾಣಿಸಲಿಲ್ಲ ಕಣೋ" ಅಂದರು. ಹೊಗಳಿದರೋ ತೆಗಳಿದರೋ ಈಗಲೂ ಗೊತ್ತಿಲ್ಲ.

ಆರನೇ ವಾರ ಕತ್ತಿ ಕೈಗೆ ಬಂತು. ನಾವು ಆಡುವ ಬಗೆಗೆ ಎಪೆ ಎನ್ನುತ್ತಾರೆ. ನಿಯಮ ಸುಲಭ. ತಲೆಯಿಂದ ಕಾಲಿನವರೆಗೆ ಎಲ್ಲಿ ಚುಚ್ಚಿದರೂ ಪಾಯಿಂಟು, ಮೊದಲು ಚುಚ್ಚಿದವನಿಗೆ, ಒಟ್ಟಿಗೆ ಚುಚ್ಚಿದರೆ ಇಬ್ಬರಿಗೂ. ಕತ್ತಿಯ ಮೊನೆಯಲ್ಲಿ ಪುಟ್ಟ ಗುಂಡಿ ಇರುತ್ತದೆ, ಒತ್ತಿದರೆ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಕೆಂಪೋ ಹಸಿರೋ ದೀಪ ಹತ್ತಿ ಕಿರ್ರ್ ಎನ್ನುತ್ತದೆ. ಅದಕ್ಕಾಗಿ ಬೆನ್ನಿಗೆ ಒಂದು ವೈರು ಸಿಕ್ಕಿಸುತ್ತಾರೆ. ಕಟ್ಟಿಹಾಕಿದ ಎಮ್ಮೆಯಂತೆ ಆ ವೈರಿನ ಉದ್ದದಷ್ಟೇ ಓಡಾಡಬೇಕು.

ನನ್ನ ಮೊದಲ ಪಂದ್ಯ ಎರಡು ಜಡೆಯ, ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವ ಹತ್ತು ವರ್ಷದ ಹುಡುಗಿಯ ಜೊತೆ. ಐದು ಪಾಯಿಂಟಿನ ಆಟ. ಇಷ್ಟು ಸಣ್ಣ ಮಗುವಿಗೆ ಚುಚ್ಚುವುದು ಹೇಗಪ್ಪಾ ಎಂದು ನನಗೆ ಚಿಂತೆ. ಆ ಮಗುವಿಗೆ ಅಂಥ ಚಿಂತೆ ಇರಲಿಲ್ಲ. ಮೊದಲು ಮಣಿಕಟ್ಟಿಗೆ, ಆಮೇಲೆ ಮಂಡಿಗೆ, ಆಮೇಲೆ ನಾನು ಮಂಡಿ ನೋಡಿಕೊಳ್ಳುತ್ತಿರುವಾಗ ಮುಖವಾಡದ ನಡುಮಧ್ಯಕ್ಕೆ. ಪ್ರತಿ ಸಲ ನಾನು "ಸಾರಿಮ್ಮಾ" ಅನ್ನುತ್ತಿದ್ದೆ.

ಮೂರನೇ ಸಲಕ್ಕೆ ಅವಳು ಮುಖವಾಡ ಎತ್ತಿ ಕೇಳಿದಳು: "ಅಂಕಲ್, ಹೊಡೀತಿರೋದು ನಾನು. ನೀವ್ಯಾಕೆ ಸಾರಿ ಹೇಳ್ತೀರಿ?"

ಐದು–ಸೊನ್ನೆ. ಕೈಕುಲುಕುವಾಗ "ವೆಲ್ ಪ್ಲೇಯ್ಡ್ ಅಂಕಲ್" ಅಂದಳು. ಒಳ್ಳೆಯ ಮನೆತನದ ಮಗು.

ಮೇಡಂನ ಅಪ್ಪ ಪ್ರತಿ ಭಾನುವಾರ ಮಗಳ ಜೊತೆ ಬಂದು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಿದ್ದರು. ಅರವತ್ತೈದು ದಾಟಿದವರು. ಮೂವತ್ತು ವರ್ಷ ಸಿನಿಮಾದಲ್ಲಿ ಹೊಡೆದಾಟ ಮಾಡಿದವರು, ನಾಯಕರಿಂದ ಏಟು ತಿಂದು ಗಾಜಿನೊಳಗಿಂದ ಹಾರಿ ಬೀಳುವ ಹತ್ತು ಮಂದಿಯಲ್ಲಿ ಒಬ್ಬರು. ಈಗ ಎರಡೂ ಮಂಡಿ ಹೋಗಿವೆ. ನಾನು ಸೋತು ಬಂದು ಪಕ್ಕದಲ್ಲಿ ಕೂತಾಗ ಅವರು ಬೇಸರದಿಂದ, "ಸತ್ತಮೇ ಇಲ್ಲೆಯೇ ಸಾರ್" ಅಂದರು.

ಹುಟ್ಟಿದ್ದು, ಬೆಳೆದದ್ದು, ಸಂಬಳ ತಗೊಂಡದ್ದು ಎಲ್ಲ ತಮಿಳಿನಲ್ಲೇ ಆದವನಿಗೂ ಆ ಹೊತ್ತಿನಲ್ಲಿ ಕನ್ನಡದ ಕಿವಿಯೇ ಎದ್ದು ನಿಂತಿತು. ಇವನಿನ್ನೂ ಸತ್ತೇ ಇಲ್ಲವಲ್ಲ ಅನ್ನುತ್ತಿದ್ದಾರೆ ಎಂದುಕೊಂಡೆ. ತಮಿಳಿನ ಸತ್ತಂ ಅಂದರೆ ಸದ್ದು; ಅವರು ಹೇಳಿದ್ದು ಈ ಕತ್ತಿಗಳಿಗೆ ಸದ್ದೇ ಇಲ್ಲ ಎಂದು. "ನಮ್ಮ ಕಾಲದಲ್ಲಿ ಮರದ ಕತ್ತಿಗೆ ಬೆಳ್ಳಿ ಬಣ್ಣ ಬಳಿದು ಆಡ್ತಿದ್ವಿ. ಆಮೇಲೆ ಸೌಂಡು ಹಾಕಿದರೆ ಥಿಯೇಟರೇ ನಡುಗೋದು. ಇವರದ್ದು ಏನು, ಕಿರ್ರ್ ಅಂತ ಕಾಲಿಂಗ್ ಬೆಲ್ಲು." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸಿನಿಮಾಗೆ ಸರಿಯಾಗಿದ್ದಿರಿ ಸಾರ್. ಅಲ್ಲಿ ಮುಖ್ಯ ಪಾಠವೇ ಎದುರಿಗಿದ್ದವನಿಗೆ ತಗಲಿಸಬಾರದು ಅನ್ನೋದು. ನಿಮಗೆ ಅದು ತಾನಾಗೇ ಬಂದಿದೆ" ಅಂದರು.

ನಾಲ್ಕನೇ ತಿಂಗಳಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆಯ ಸುದ್ದಿ ಬಂತು. ಮಗಳು ಹೆಸರು ಕೊಡಲಿಲ್ಲ. ಕೇಳಿದರೆ ಪರೀಕ್ಷೆ ಇದೆ ಅಂದಳು. ಪರೀಕ್ಷೆ ಅದಾದ ಮೂರು ವಾರಕ್ಕೆ ಇತ್ತು. ನಾನು ಕ್ಲಾಸು ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ, "ಅವಳು ಚೆನ್ನಾಗಿ ಆಡ್ತಾಳಲ್ಲ, ಯಾಕಂತೆ?" ಎಂದೆ.

ಅವಳು ವೈರು ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು.

"ಬೇಜಾರು ಮಾಡ್ಕೋಬಾರದು ಸಾರ್. ಅವಳು ಸೇರಿದ ಎರಡನೇ ತಿಂಗಳಲ್ಲಿ ನನ್ನ ಹತ್ತಿರ ಬಂದು, ಅಪ್ಪ ಅಮ್ಮಂದಿರು ಒಳಗೆ ಬರಬಾರದು ಅಂತ ಒಂದು ಬೋರ್ಡ್ ಹಾಕ್ತೀರಾ ಅಕ್ಕಾ ಅಂತ ಕೇಳಿದಳು."

"ನೀವೇನಂದ್ರಿ?"

"ಬೋರ್ಡೇನೋ ಹಾಕಬಹುದು, ನಿಮ್ಮಪ್ಪ ಬಂದು ಅದರ ಸ್ಪೆಲ್ಲಿಂಗ್ ತಿದ್ದುತ್ತಾರೆ ಅಂದೆ."

ನಾನು ನಗಲಿ ಎಂದೇ ಹೇಳಿದಳು, ನಾನೂ ನಕ್ಕೆ. ಆದರೆ ಸ್ಕೂಟರಿನ ಹತ್ತಿರ ಬರುವಷ್ಟರಲ್ಲಿ ನಗು ಎಲ್ಲೋ ಬಿದ್ದುಹೋಗಿತ್ತು. ನಾನು ಬೆಂಚಿನಲ್ಲಿ ಕೂಗಿದ ಅಷ್ಟೂ ಬೆಳಗುಗಳಲ್ಲಿ ಅವಳು ಎದುರಾಳಿಯ ಕತ್ತಿ ನೋಡಬೇಕಾದ ಹೊತ್ತಿಗೆ ನನ್ನ ದನಿಗೆ ಕಾದು ನಿಂತಿದ್ದಳು. ಮುಖವಾಡದ ಒಳಗೆ ಎಷ್ಟು ಒಂಟಿ ಎನ್ನುವುದು ನನಗೆ ಈಗ ಗೊತ್ತಿತ್ತು. ಅಲ್ಲಿಗೂ ನಾನು ನುಗ್ಗಿದ್ದೆ.

ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಎಳನೀರಿನ ಗಾಡಿ ಹತ್ತಿರ ಸ್ಕೂಟರ್ ನಿಲ್ಲಿಸಿದೆ. ಕ್ಷಮೆ ಕೇಳಬೇಕು ಎಂದು ಮನಸ್ಸಿನಲ್ಲೇ ಪೂರ್ತಿ ಬರೆದು ಇಟ್ಟುಕೊಂಡಿದ್ದೆ. "ನೋಡು ಪುಟ್ಟಾ, ಬೇರೆಯವರು ಏನೇ ಕೂಗಲಿ, ನೀನು ಅದನ್ನ ಮನಸ್ಸಿಗೆ ಹಚ್ಕೋಬಾರದು. ಅಪ್ಪನೇ ಆಗಿರಲಿ, ಯಾರೇ ಆಗಿರಲಿ, ನಿನ್ನ ಗಮನ ಆಟದ ಮೇಲೆ ಇರಬೇಕು. ಹೇಗೆ ಅಂದ್ರೆ—"

ಮಗಳು ಸ್ಟ್ರಾ ಬಾಯಿಂದ ತೆಗೆದು, "ಅಪ್ಪಾ, ಇದುವುಂ ಅಡ್ವೈಸ್ ದಾನ್" ಅಂದಳು. ಇದೂ ಉಪದೇಶವೇ ಎಂದು.

ಎಳನೀರಿನವನಿಗೂ ಅರ್ಥವಾಯಿತು ಅಂತ ಕಾಣುತ್ತೆ, ನನ್ನ ಕಾಯಿಯನ್ನು ಬಹಳ ಮೆಲ್ಲಗೆ ಕೆತ್ತಿಕೊಟ್ಟ. ಕೊನೆಗೆ ನಾನು, "ನಾನು ಕೂಗಿದ್ದು ತಪ್ಪು" ಅಂತಷ್ಟೇ ಅಂದೆ. ಮುಂದೆ ಹೇಳಲು ಇನ್ನೂ ನಾಲ್ಕು ವಾಕ್ಯ ಇದ್ದವು, ನೀರಿನ ಜೊತೆ ನುಂಗಿದೆ. ಅವಳು ಗಂಜಿ ಬೇಕು ಎಂದು ಕಾಯಿ ಒಡೆಸಿ, ಅರ್ಧ ನನಗೆ ಕೊಟ್ಟಳು.

ಮರುವಾರ ಮೇಡಂ ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿದಳು. ಬೇಕೆಂದೇ ಮಾಡಿದಳೋ, ಜೊತೆಗಾರರು ಕಡಿಮೆ ಇದ್ದರೋ ಕೇಳಲಿಲ್ಲ. ಇಬ್ಬರೂ ಕತ್ತಿ ಎತ್ತಿ ನಮಸ್ಕಾರ ಮಾಡಿದೆವು. ಹದಿನಾಲ್ಕು ವರ್ಷದಿಂದ ದಿನಾ ನೋಡಿದ ಮುಖ ಬಲೆಯ ಹಿಂದೆ ಹೋದ ಕೂಡಲೇ ಅಪರಿಚಿತವಾಯಿತು. ನನಗೆ ನಿಜವಾಗಿ ಭಯವಾಯಿತು.

ನಾನು ಮುಂದೆ ಹೋದೆ. ಅವಳು ಹಿಂದೆ ಸರಿದಳು. ಇನ್ನೂ ಮುಂದೆ ಹೋದೆ. ಇನ್ನೂ ಸರಿದಳು. ಆಹಾ, ಅಂದುಕೊಂಡು ಕೈ ಎತ್ತುವಷ್ಟರಲ್ಲಿ ನನ್ನ ಮೊಣಕೈಗೆ ಅವಳ ಕತ್ತಿ ತಾಗಿ ಕಿರ್ರ್ ಎಂದಿತ್ತು. ಎರಡನೇ ಸಲವೂ ಹಾಗೇ. ಮೂರನೇ ಸಲವೂ ಹಾಗೇ. ನಾಲ್ಕನೇ ಸಲಕ್ಕೆ ಅವಳೇ ನುಗ್ಗಿ ಬಂದಳು. ನಾನು ಹೆದರಿ ಕಣ್ಣು ಮುಚ್ಚಿ, ಬೇಡ ಬೇಡ ಎನ್ನುವಂತೆ ಕೈ ಮುಂದಕ್ಕೆ ಚಾಚಿದೆ. ಕಿರ್ರ್ ಎಂದಿತು. ಕಣ್ಣು ಬಿಟ್ಟರೆ ನನ್ನ ದೀಪ ಹತ್ತಿದೆ. ಅವಳು ಬಂದ ವೇಗಕ್ಕೆ ತಾನಾಗಿ ನನ್ನ ಮೊನೆಗೆ ಬಂದು ತಾಗಿದ್ದಳು.

"ಇದೇ ಸಾರ್!" ಎಂದು ಮೇಡಂ ಕೂಗಿದಳು. "ಮೊದಲು ಕೈ ಚಾಚಿ, ಮೊದಲು ಕೈ ಚಾಚಿ ಅಂತ ಕತ್ತಿ ಕೊಟ್ಟಾಗಿನಿಂದ ಬಡ್ಕೊಂಡೆ. ಹೆದರಿಕೊಂಡಾದರೂ ಚಾಚಿದಿರಲ್ಲ!"

ಐದು–ಒಂದು. ಮುಖವಾಡ ತೆಗೆದಾಗ ಮಗಳು ನಗುತ್ತಿದ್ದಳು. ನೀರು ಕುಡಿಯುತ್ತಾ ನಾನು ಕೇಳಿದೆ, ಈ ಸಲ ನಿಜವಾಗಿ ಗೊತ್ತಿಲ್ಲದೆ ಕೇಳಿದೆ: "ಅಷ್ಟು ಹಿಂದೆ ಹೋಗ್ತೀಯಲ್ಲ, ಯಾಕೆ?"

ಅವಳು ತಮಿಳಿನಲ್ಲೇ ಹೇಳಿದಳು. ಹಿಂದೆ ಹೋಗುವುದು ಓಡಿಹೋಗುವುದಲ್ಲ ಅಪ್ಪಾ, ಎದುರಿಗಿರುವವರನ್ನು ಕರೆದುಕೊಂಡು ಬರುವುದು. ಅವರು ಅವಸರದಲ್ಲಿ ಕೈ ಎತ್ತುವ ಜಾಗದವರೆಗೆ.

ಬೆಂಚಿನಲ್ಲಿ ಕೂತು ನಾನು ಯಾವುದನ್ನು ತಿದ್ದುತ್ತಿದ್ದೆನೋ ಅದೇ ಅವಳ ಆಟವಾಗಿತ್ತು.

ಎರಡು ದಿನ ಬಿಟ್ಟು ಅವಳೇ ಸ್ಪರ್ಧೆಗೆ ಹೆಸರು ಕೊಟ್ಟಳು. ಒಂದು ಷರತ್ತು ಹಾಕಿದಳು: ನಾನು ಬರಬಹುದು, ಒಳಗೆ ಬರಬಾರದು. "ಪಾಟಿ ಬರಲಿ" ಅಂದಳು. ಪಾಟಿ ಅಂದರೆ ಅಜ್ಜಿ. ನಮ್ಮಮ್ಮ ಎಪ್ಪತ್ತೆಂಟರ ವಯಸ್ಸಿನಲ್ಲಿ ರೇಷ್ಮೆ ಸೀರೆ ಉಟ್ಟು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಕತ್ತಿವರಸೆ ನೋಡಲು ಹೊರಟರು.

ಒಳಾಂಗಣ ಕ್ರೀಡಾಂಗಣ ಮೊದಲ ಮಹಡಿಯಲ್ಲಿತ್ತು. ಮಗಳು ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ನಾನು ಕೆಳಗೆ ಬೇವಿನ ಮರದ ಬುಡದಲ್ಲಿ ಉಳಿದೆ. ಮಂಡಿ ನೋವಿನಿಂದ ಹತ್ತಲಾರದ ಮೇಡಂನ ಅಪ್ಪ ನನಗೆ ಜೊತೆಯಾದರು. ಮೇಲಿಂದ ಆಗಾಗ ಕಿರ್ರ್ ಎಂದು ಕೇಳುತ್ತಿತ್ತು. ಪ್ರತಿ ಸದ್ದಿಗೂ ನನ್ನ ಬಾಯಿ ತಾನಾಗಿ ತೆರೆದು ಮುಚ್ಚಿಕೊಳ್ಳುತ್ತಿತ್ತು. "ಸಾರ್, ಮೀನಿನ ಹಾಗೆ ಮಾಡಬೇಡಿ" ಎಂದು ಅವರು ಕಡಲೆಕಾಯಿ ಪೊಟ್ಟಣ ಮುಂದೆ ಹಿಡಿದರು. ಎರಡು ಗಂಟೆಯಲ್ಲಿ ನಾವಿಬ್ಬರು ನಾಲ್ಕು ಪೊಟ್ಟಣ ಮುಗಿಸಿದೆವು.

ಮೊದಲು ಕೆಳಗೆ ಬಂದದ್ದು ಅಮ್ಮ, ಒಬ್ಬರೇ, ಮೆಲ್ಲಗೆ ಕಂಬಿ ಹಿಡಿದು. ನಾನು ಓಡಿದೆ.

"ಏನಾಯ್ತಮ್ಮಾ? ಗೆದ್ಲಾ?"

"ಹಸಿರು ಲೈಟು ತುಂಬಾ ಬಂತಪ್ಪ. ಕೆಂಪೂ ಬಂತು. ನಮ್ಮದು ಯಾವ ಕಲರು?"

"ಅದು ನೀವು ನೋಡ್ಬೇಕಲ್ವಾ ಅಮ್ಮಾ!"

"ಎಲ್ಲಾರೂ ಮುಖ ಮುಚ್ಚಿಕೊಂಡು ಒಂದೇ ಥರ ಬಿಳಿ ಹಾಕಿದ್ರೆ ನಮ್ಮ ಮಗು ಯಾವುದು ಅಂತ ನಾನು ಹೇಗೆ ಹೇಳಲಿ? ಪಕ್ಕದಲ್ಲಿ ಕೂತಿದ್ದೋಳಿಗೂ ಗೊತ್ತಾಗಲಿಲ್ಲ, ಪಾಪ. ಅದಕ್ಕೇ ಇಬ್ಬರೂ ಎಲ್ಲಾದಕ್ಕೂ ಕೈ ತಟ್ಟಿದ್ವಿ."

ಅರ್ಧ ಗಂಟೆಯ ನಂತರ ಮಗಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದಳು. ಕೂದಲೆಲ್ಲ ಒದ್ದೆ, ಕೆನ್ನೆಯ ಮೇಲೆ ಮುಖವಾಡದ ಪಟ್ಟಿಯ ಗುರುತು. ಕ್ವಾರ್ಟರ್ ಫೈನಲಿನಲ್ಲಿ ಹದಿನೈದು–ಹದಿಮೂರಕ್ಕೆ ಸೋತಿದ್ದಳು. ಮೇಡಂನ ಅಪ್ಪ ಐದನೇ ಪೊಟ್ಟಣ ಕಡಲೆಕಾಯಿ ಕೊಂಡು ಅವಳ ಕೈಗೆ ಕೊಟ್ಟು ಹೆಗಲು ತಟ್ಟಿದರು. ನನಗೆ ಕೇಳಲು ಹದಿನೈದು ಪ್ರಶ್ನೆ ಇದ್ದವು. "ಬ್ಯಾಗು ಕೊಡು" ಅಂದೆ.

ಬಸ್ ಸ್ಟಾಪಿನಲ್ಲಿ ನಿಂತಾಗ ಅವಳೇ ಶುರು ಮಾಡಿದಳು. ಎದುರಿಗಿದ್ದವಳು ಎಡಗೈಯವಳು, ಮೊದಲ ಮೂರು ಪಾಯಿಂಟು ಅವಳ ಕತ್ತಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯಲಿಲ್ಲ. ನಾಲ್ಕನೆಯದರಲ್ಲಿ ಇವಳು ಹಿಂದೆ ಸರಿದು ಕರೆದುಕೊಂಡು ಬಂದಳು. ಐದನೆಯದರಲ್ಲಿ ಇಬ್ಬರಿಗೂ ಒಟ್ಟಿಗೆ ತಾಗಿ ಎರಡೂ ದೀಪ ಹತ್ತಿದವು. ಅಮ್ಮ ನಡುವೆ, "ಹಾಂ, ಆವಾಗ ನಾನು ಜೋರಾಗಿ ತಟ್ಟಿದೆ" ಅಂದರು. ಮಗಳು ಕೈಯಲ್ಲಿ ಕಡಲೆಕಾಯಿ ಪೊಟ್ಟಣವನ್ನೇ ಕತ್ತಿಯ ಹಾಗೆ ಹಿಡಿದು ನನ್ನ ಮಣಿಕಟ್ಟಿಗೆ ಮುಟ್ಟಿಸಿ ತೋರಿಸಿದಳು. ಅದು ಎಂಟನೇ ಪಾಯಿಂಟು. ಅಷ್ಟರಲ್ಲಿ ಬಸ್ಸು ಬಂತು. ಅಮ್ಮನಿಗೆ ಸೀಟು ಸಿಕ್ಕಿತು. ನಾವಿಬ್ಬರೂ ಕಂಬಿ ಹಿಡಿದು ನಿಂತೆವು, ಅವಳು ಒಂಬತ್ತನೆಯದನ್ನು ಹೇಳತೊಡಗಿದಳು.